ಎರಡು ತಿರಕಿಟಗಳ ನಡುವೆ

ಕಳೆದ ವಾರ ಬಹ್ರೇನಿನ ಗುದೈಬಿಯಾದ ಕ್ಷೌರದಂಗಡಿಯಲ್ಲಿ ತಲೆ ಬಗ್ಗಿಸಿ ಕೂತಿದ್ದೆ. ಕತ್ತರಿ ಕೆಲಸ ಮುಗಿಸಿದ ಮಲಯಾಳಿ ಮೆತ್ತನೆಯ ಬ್ರಷ್ಷಿಗೆ ಪೌಡರು ಸುರಿದುಕೊಂಡು ನನ್ನ ಕತ್ತಿನ ಸುತ್ತ ಒಮ್ಮೆ ಆಡಿಸಿದ. ಅಗ್ಗದ ಗುಲಾಬಿ ವಾಸನೆಯ ಪೌಡರು. ಅದು ಮೂಗಿಗೆ ಬಡಿದದ್ದೇ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಕನ್ನಡಿಯಲ್ಲಿ ನನ್ನ ಮುಖ ನೋಡಿ ಆತ ಹೆದರಿಬಿಟ್ಟ.

"ಕ್ಯಾ ಹುವಾ ಭಾಯ್? ಕಟ್ ಗಯಾ ಕ್ಯಾ?"

"ಕುಛ್ ನಹೀ" ಎಂದೆ. ಅವನಿಗೆ ಏನೆಂದು ಹೇಳುವುದು? ಆ ವಾಸನೆ ದೇಸಾಯಿಯವರ ಕೈಯದು. ತಬಲಾ ಬಾರಿಸುವವರು ಬೆವರಿಗೆ ಬೆರಳು ಅಂಟಬಾರದೆಂದು ಕೈಗೆ ಪೌಡರು ಹಚ್ಚಿಕೊಳ್ಳುತ್ತಾರೆ. ಒಂದು ಇಡೀ ಚಳಿಗಾಲ, ಪ್ರತಿ ಶುಕ್ರವಾರ ಸಂಜೆ, ಸೀಫ್‌ನ ಎತ್ತರದ ಕಟ್ಟಡವೊಂದರ ಫ್ಲ್ಯಾಟಿನಲ್ಲಿ ನಾನು ಆ ವಾಸನೆಯ ಪಕ್ಕದಲ್ಲಿ ಕೂತು ಹಾಡಿದ್ದೇನೆ. ನನ್ನ ಜೀವನದಲ್ಲಿ ಅಷ್ಟು ಸುಖವಾಗಿ ನಾನು ಎಂದೂ ಮಂಗನಾಗಿರಲಿಲ್ಲ.

ನಾನು ಹೊನ್ನಾವರದ ಕಡೆಯವನು. ಇಲ್ಲಿ ಮೀನಾ ಸಲ್ಮಾನ್ ಬಂದರಿನ ಒಂದು ವರ್ಕ್‌ಶಾಪಿನಲ್ಲಿ ಲೇತ್ ಮೆಷಿನ್ನಿನ ಕೆಲಸ. ಹಡಗಿನ ಪಂಪುಗಳ ಶಾಫ್ಟು, ಬುಷ್ಷು, ಇಂಥವನ್ನು ಅಳತೆಗೆ ಸರಿಯಾಗಿ ಮಾಡಿಕೊಡುವುದು. ನಮ್ಮ ಕಡೆ ಹಿಂದೂಸ್ತಾನಿ ಸಂಗೀತದ ಗಾಳಿ ಮೊದಲಿನಿಂದಲೂ ಉಂಟು. ಹೈಸ್ಕೂಲಿನ ದಿನಗಳಲ್ಲಿ ನಾನೂ ಒಬ್ಬ ಮಾಸ್ತರ ಹತ್ತಿರ ಪಾಠಕ್ಕೆ ಹೋಗುತ್ತಿದ್ದೆ. ಗಂಟಲು ಚೆನ್ನಾಗಿತ್ತು, ಸ್ವರ ನಿಲ್ಲುತ್ತಿತ್ತು. ತಬಲಾ ಶುರುವಾಯಿತೆಂದರೆ ಮಾತ್ರ ನನ್ನ ದಾರಿ ನನಗೆ, ಅದರ ದಾರಿ ಅದಕ್ಕೆ. ಎರಡು ವರ್ಷ ತಾಳ್ಮೆಯಿಂದ ನೋಡಿದ ಮಾಸ್ತರರು ಒಂದು ದಿನ ಹಾರ್ಮೋನಿಯಂ ಮುಚ್ಚಿ, "ತಮಾ, ನಿಂಗೆ ಗಂಟಲು ಕೊಟ್ಟ ದೇವ್ರು ತಾಳ ಕೊಡೂದು ಮರ್ತ. ಇನ್ನು ಬರೂದು ಬೇಡ" ಎಂದರು. ಬೈದು ಹೇಳಿದ್ದರೆ ಮರೆಯುತ್ತಿದ್ದೆನೇನೋ. ಸಮಾಧಾನದಲ್ಲಿ ಹೇಳಿದ್ದರಿಂದ ಅದು ಒಳಗೇ ಕೂತುಬಿಟ್ಟಿತು. ಶ್ರುತಿ ತಾಯಿ, ಲಯ ತಂದೆ ಎನ್ನುತ್ತಾರೆ. ನಾನು ಆ ಲೆಕ್ಕದಲ್ಲಿ ತಂದೆ ಇಲ್ಲದವನಾಗಿ ಐಟಿಐ ಸೇರಿದೆ, ಲೇತ್ ಕಲಿತೆ, ಬಹ್ರೇನಿಗೆ ಬಂದೆ, ಮದುವೆಯಾದೆ. ಸ್ನಾನದ ಮನೆಯಲ್ಲಿ ಹಾಡುವುದನ್ನು ಮಾತ್ರ ಬಿಡಲಿಲ್ಲ. ನನಗೆ ನಿಜವಾಗಿ ತಾಳ ಇಲ್ಲವೋ, ಅಥವಾ ಮಾಸ್ತರರಿಗೆ ಕಲಿಸಲು ಆಗಲಿಲ್ಲವೋ ಎಂಬ ಒಂದು ಪ್ರಶ್ನೆಯೂ ನನ್ನನ್ನು ಬಿಡಲಿಲ್ಲ.

ದೇಸಾಯಿಯವರು ಸಿಕ್ಕಿದ್ದು ಗುದೈಬಿಯಾದ ನಮ್ಮವರ ಹೋಟೆಲೊಂದರಲ್ಲಿ. ನಾನು ದೋಸೆ ಪಾರ್ಸೆಲ್ಲಿಗೆ ಕಾಯುತ್ತ ಏನೋ ಗುನುಗುತ್ತಿದ್ದೆ. ಪಕ್ಕದ ಮೇಜಿನಲ್ಲಿ ಇಸ್ತ್ರಿ ಅಂಗಿಯ ಒಬ್ಬರು ಚಹಾ ಕುಡಿಯುತ್ತಿದ್ದವರು ಎದ್ದೇ ಬಂದರು.

"ಯಾವೂರ್ರಿ ತಮ್ಮದು? ಯಮನ್ ರಾಗ ಗುನಗಲಿಕ್ಕ ಹತ್ತೀರಲ್ಲ, ಭಾಳ ಛಲೋ ಅದ!"

ಸೀಫ್‌ನ ಒಂದು ಕಂಪನಿಯಲ್ಲಿ ದೊಡ್ಡ ಹುದ್ದೆ, ಊರು ಧಾರವಾಡ, ಹವ್ಯಾಸ ತಬಲಾ. ಅವರ ಮನೆಯಲ್ಲಿ ಶುಕ್ರವಾರ ಬೈಠಕ್ ಮಾಡುವ ಆಸೆ, ಆದರೆ ಹಾಡುವವರು ಇಲ್ಲ. ಬರಬೇಕು ಎಂದರು. ನಾನು ಮೊದಲೇ ಹೇಳಿಬಿಟ್ಟೆ.

"ಸರ್, ನಂಗೆ ತಾಳ ಇಲ್ಲ. ಸಣ್ಣವನಿದ್ದಾಗಲೇ ಓಡಿಸಿಬಿಟ್ಟಿದ್ರು."

"ತಾಳ ಇಲ್ಲದ ಮನಶಾ ಇರ್ತಾನೇನ್ರಿ? ಎದಿ ಬಡಕೋತದ ಇಲ್ಲೋ? ಬರ್ರಿ ನೀವು, ನಾ ಅದೀನಿ."

"ಹಾಗಾರೆ ಒಂದೇ ಮಾತು ಸರ್. ನಾನು ತಪ್ಪಿದ್ರೆ ಅಲ್ಲಿಂದಲ್ಲಿಗೇ ಹೇಳ್ಬೇಕು. ನಾಚಿಕೆ ಮಾಡ್ಕೊಳ್ಳೂದು ಬೇಡ."

"ಆತ್ರಿ, ಹೇಳೋಣಂತ" ಎಂದು ಅವರು ನನ್ನ ಪಾರ್ಸೆಲ್ಲಿನ ದುಡ್ಡನ್ನೂ ತಾವೇ ಕೊಟ್ಟರು.

ಬಹ್ರೇನಿನಲ್ಲಿ ನವೆಂಬರ್ ಬಂತೆಂದರೆ ಮನುಷ್ಯರಿಗೆ ಮನುಷ್ಯತ್ವ ಮರಳುತ್ತದೆ. ಆರು ತಿಂಗಳು ಬೆಂದವರೆಲ್ಲ ಸಂಜೆ ಹೊರಗೆ ಬಂದು ಒಬ್ಬರನ್ನೊಬ್ಬರು ನೋಡಿ ನಗುತ್ತಾರೆ. ಅಂಥ ಒಂದು ಸಂಜೆ ಮೊದಲ ಬೈಠಕ್ಕಿಗೆ ಹೋದೆ. ದೇಸಾಯಿಯವರ ಹೆಂಡತಿಯನ್ನು ಅಲ್ಲಿ ಎಲ್ಲರೂ ವೈನಿ ಎನ್ನುತ್ತಿದ್ದರು. ನಮ್ಮ ಕಡೆ ಅತ್ತಿಗೆ ಎನ್ನುವಂತೆ. ನಾನೂ ವೈನಿ ಎಂದೆ. ಕೇಳಲು ಐದಾರು ಜನ, ಎಲ್ಲ ಸೀಫ್‌ನ ಆಫೀಸುಗಳವರು, ಒಬ್ಬೊಬ್ಬರೂ ಸಂಗೀತ ಬಲ್ಲವರೇ. ಉಗುರಿನ ಸಂದಿಯಲ್ಲಿ ಗ್ರೀಸು ಇದ್ದವನು ನಾನೊಬ್ಬನೇ. ಆದರೆ ಅವರು ನನ್ನನ್ನು ಎದುರುಗೊಂಡ ರೀತಿ ನೋಡಿದರೆ ನಾನೇ ಯಾವುದೋ ಘರಾಣೆಯ ಕುಡಿ ಎನ್ನಬೇಕು.

ನಾವು ಹಿಡಿದದ್ದು ವಿಲಂಬಿತ ಏಕತಾಲ್. ಗೊತ್ತಿಲ್ಲದವರಿಗಾಗಿ ಇಷ್ಟು ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ಕಥೆ ಇರುವುದೇ ಇದರೊಳಗೆ. ಹನ್ನೆರಡು ಮಾತ್ರೆಗಳ, ಅಂದರೆ ಹನ್ನೆರಡು ಎಣಿಕೆಗಳ, ಒಂದು ಸುತ್ತು. ಬಹಳ ನಿಧಾನ. ಮೊದಲ ಮಾತ್ರೆಯೇ ಸಮ್. ಹಾಡುವವನು ರಾಗದಲ್ಲಿ ಎಲ್ಲೆಲ್ಲೋ ತಿರುಗಾಡಿ, ಕೊನೆಗೆ ಹಾಡಿನ ಮೊದಲ ತುಂಡನ್ನು, ಅಂದರೆ ಮುಖಡಾವನ್ನು, ಎತ್ತಿಕೊಂಡು ಸರಿಯಾಗಿ ಆ ಸಮ್ಮಿನ ಮೇಲೆ ಬಂದು ಇಳಿಯಬೇಕು. ಇಳಿದರೆ ಕೇಳುವವರ ತಲೆ ತಾನಾಗಿ ಆಡುತ್ತದೆ. ತಪ್ಪಿದರೆ ಕತ್ತಲೆಯಲ್ಲಿ ಇಲ್ಲದ ಮೆಟ್ಟಿಲಿನ ಮೇಲೆ ಕಾಲಿಟ್ಟ ಹಾಗೆ. ಮುಖಡಾ ಎತ್ತಲು ಒಂದು ಗುರುತು ಉಂಟು. ತಬಲಾದಲ್ಲಿ 'ತಿರಕಿಟ' ಎಂದು ಬೆರಳುಗಳು ಓಡುತ್ತವೆ, ಆಮೇಲೆ 'ಧೀ', 'ನಾ', ಅದಾದ ಮೇಲೆ ಸಮ್. ತಿರಕಿಟ ಕೇಳಿತೆಂದರೆ ಮನೆ ಹತ್ತಿರ ಬಂತೆಂದು ತಿಳಿದು ಮುಖಡಾ ಹಿಡಿಯಬೇಕು.

ತೊಂದರೆ ಏನೆಂದರೆ ಈ ಸುತ್ತಿನಲ್ಲಿ ತಿರಕಿಟ ಬರುವುದು ಎರಡು ಸಲ. ನಾಲ್ಕನೆಯ ಮಾತ್ರೆಯಲ್ಲಿ ಒಮ್ಮೆ, ಹತ್ತನೆಯ ಮಾತ್ರೆಯಲ್ಲಿ ಇನ್ನೊಮ್ಮೆ. ಹತ್ತನೆಯದು ಮನೆಯ ಬಾಗಿಲು. ನಾಲ್ಕನೆಯದನ್ನು ನಂಬಿ ಎತ್ತಿದರೆ ದಾರಿಯ ನಡುವೆ ಬೀಳುತ್ತೇವೆ. ಊರಿನಲ್ಲಿ ನಾನು ಬೀಳುತ್ತಿದ್ದದ್ದೂ ಅಲ್ಲಿಯೇ ಎಂದು ಈಗ ಗೊತ್ತಾಗುತ್ತದೆ. ಆಗ ಅಷ್ಟೂ ತಿಳಿದಿರಲಿಲ್ಲ.

ಮೊದಲ ಶುಕ್ರವಾರವೇ ಆಶ್ಚರ್ಯ ನಡೆಯಿತು. ಕಣ್ಣು ಮುಚ್ಚಿ ಆಲಾಪ ಮಾಡುತ್ತಿದ್ದೆ, ತಿರಕಿಟ ಕೇಳಿತು, ಮುಖಡಾ ಎತ್ತಿದೆ, ಸಮ್ಮಿನ ಮೇಲೆ ಇಳಿದೆ. ಧಿನ್! "ವಾಹ್!" ಎಂದಿತು ಕೋಣೆ. ಇನ್ನೊಂದು ಸುತ್ತು, ಇನ್ನೊಂದು ವಾಹ್. ತಪ್ಪುತ್ತೇನೆ, ತಪ್ಪುತ್ತೇನೆ ಎಂದು ಕಾದೆ. ತಪ್ಪಲೇ ಇಲ್ಲ. ಹಾಡು ಮುಗಿಸಿ ದೇಸಾಯಿಯವರ ಮುಖ ನೋಡಿದರೆ, ಅವರು ಅಂಗೈಯ ಪೌಡರು ಕೊಡವುತ್ತ, "ಯಾರ್ರೀ ಅಂದಾವ್ರು ನಿಮಗ ತಾಳ ಇಲ್ಲ ಅಂತ? ಅವರನ್ನ ಇಲ್ಲಿ ಕರಕೊಂಡ ಬರ್ರಿ" ಎಂದರು. ನಾನು ಕಕ್ಕಸಿಗೆ ಹೋದ ಹಾಗೆ ಮಾಡಿ ಒಳಗೆ ನಿಂತು ಅತ್ತೆ. ನಲವತ್ತೊಂದು ವರ್ಷದ ಗಂಡಸು, ಸೀಫ್‌ನ ಬಿಳಿ ಟೈಲ್ಸಿನ ಬಚ್ಚಲಿನಲ್ಲಿ.

ಆ ಚಳಿಗಾಲ ನಾನು ನೆಲದ ಮೇಲೆ ನಡೆಯಲಿಲ್ಲ. ಗುರುವಾರ ಸಂಜೆ ವರ್ಕ್‌ಶಾಪಿನಿಂದ ಬಂದವನಿಗೆ ಶುಕ್ರವಾರದ್ದೇ ಧ್ಯಾನ. ನನ್ನ ಹೆಂಡತಿ ಸುಜಾತಾ ಮಾತ್ರ ಮೊದಲಿನಿಂದಲೂ ಮೂಗು ಮುರಿಯುತ್ತಿದ್ದಳು.

"ಅಲ್ಲ, ಆ ಮನೆಯವ್ರು ಒಂದಿನನೂ ನಿಮ್ಗೆ ತಪ್ಪು ಹೇಳೂದಿಲ್ವಾ?"

"ತಪ್ಪಿದ್ರಲ್ಲ ಹೇಳೂದು?"

"ಎಂತ ತಪ್ಪದೇ ಇರೂದು? ನಾನು ಇಷ್ಟು ವರ್ಷದಿಂದ ಸಾರು ಮಾಡ್ತೆ. ಈಗ್ಲೂ ನಾಲ್ಕು ದಿನಕ್ಕೊಂದ್ಸಲ ಉಪ್ಪು ಹೆಚ್ಚಾಯ್ತು ಹೇಳಿ ಮುಖ ಗಂಟು ಹಾಕ್ತ್ರಿ. ನೀವು ಹಾಡಿದ್ದಕ್ಕೆ ಮಾತ್ರ ಉಪ್ಪು ಹೆಚ್ಚಾಗೂದೇ ಇಲ್ವಾ?"

ಹೊಟ್ಟೆಕಿಚ್ಚು ಎಂದು ನಕ್ಕುಬಿಟ್ಟೆ. ಹಾಡ್ತಾ ಹಾಡ್ತಾ ರಾಗ ಎಂದು ಗಾದೆಯೇ ಉಂಟಲ್ಲ, ಬಂತು ಎಂದುಕೊಂಡೆ.

ಜನವರಿಯಲ್ಲಿ ಇಲ್ಲಿನ ಕನ್ನಡದವರ ಸಂಘದ ಸಂಗೀತ ಸಂಜೆ. ಹುಬ್ಬಳ್ಳಿಯಿಂದ ಒಬ್ಬ ಹಿರಿಯ ಗಾಯಕರು ಬರುವವರಿದ್ದರು. ಅವರ ಮೊದಲು ಇಲ್ಲಿಯವರು ಯಾರಾದರೂ ಅರ್ಧ ಗಂಟೆ ಹಾಡಬೇಕು. ದೇಸಾಯಿಯವರು ನನ್ನ ಹೆಸರು ಕೊಟ್ಟರು. ಸಂತೋಷದಲ್ಲಿ ನನಗೆ ಊಟ ಸೇರಲಿಲ್ಲ. ಕಾರ್ಯಕ್ರಮಕ್ಕೆ ಒಂದು ವಾರವಿದ್ದಾಗ ಒಂದು ಬದಲಾವಣೆಯಾಯಿತು. ವೇದಿಕೆಯ ಮೇಲೆ ತಬಲಾ ಒಮ್ಮೆ ಶ್ರುತಿ ಮಾಡಿದರೆ ಮತ್ತೆ ಬದಲಿಸುವುದು ಬೇಡ, ಅತಿಥಿಗಳ ಜತೆ ಬರುವ ತಬಲಾದವರೇ ಎಲ್ಲರಿಗೂ ಬಾರಿಸಲಿ ಎಂದು ಸಂಘದವರು ತೀರ್ಮಾನಿಸಿದರು. ದೇಸಾಯಿಯವರ ಮುಖ ಸ್ವಲ್ಪ ಸಣ್ಣದಾಯಿತು. ಅವಕಾಶ ತಪ್ಪಿದ ಬೇಸರ ಎಂದುಕೊಂಡು ನಾನೇ ಅವರನ್ನು ಸಮಾಧಾನ ಮಾಡಿದೆ. ಆಮೇಲೆ ಕೇಳಿದೆ, "ಸರ್, ಹೊಸಬರ ಜೊತೆ ನಂಗೆ ಆಗ್ತದಾ?"

ಅವರು ತಬಲಾದ ಮೇಲೆ ಬಟ್ಟೆ ಹೊದಿಸುತ್ತ ಒಂದು ಕ್ಷಣ ಸುಮ್ಮನಿದ್ದರು. "ಏನಾಗೂದಿಲ್ರಿ. ನಿಶ್ಚಿಂತಿಂದ ಹಾಡ್ರಿ" ಎಂದರು. ಆ ಒಂದು ಕ್ಷಣವನ್ನು ನಾನು ಈಗಲೂ ಕ್ಷಮಿಸಿಲ್ಲ.

ಕಾರ್ಯಕ್ರಮದ ದಿನ ಮಳೆ. ಬಹ್ರೇನಿನಲ್ಲಿ ಮಳೆಯೆಂದರೆ ವರ್ಷಕ್ಕೆ ಎರಡು ಮೂರು ಸಲ, ಬಂದರೆ ನೀರು ಹೋಗಲು ದಾರಿ ಇಲ್ಲ. ಗುದೈಬಿಯಾದ ಗಲ್ಲಿಗಳು ಕೆರೆಯಾಗಿದ್ದವು, ನನ್ನ ಕಾರು ತೆಗೆಯುವ ಹಾಗಿರಲಿಲ್ಲ. ನಾನೂ ಸುಜಾತಾಳೂ ಚಪ್ಪಲಿ ಕೈಯಲ್ಲಿ ಹಿಡಿದು ನೀರು ದಾಟಿ ಟ್ಯಾಕ್ಸಿ ಹಿಡಿದೆವು. ಶುಭಶಕುನ ಎಂದೆ ನಾನು. ಅವಳು ಸೀರೆಯ ನೆರಿಗೆ ಹಿಂಡಿದಳು.

ತಬಲಾಕ್ಕೆ ಕೂತವರ ಹೆಸರು ಸಂಜೀವ. ಮೂವತ್ತರ ಆಸುಪಾಸು, ಶಾಂತ ಮುಖ. ನಮಸ್ಕಾರ ಮಾಡಿ ಲಯ ಕೇಳಿ ಶುರು ಮಾಡಿದರು. ನಾನು ಆಲಾಪ ಮಾಡಿ ತಿರಕಿಟಕ್ಕೆ ಕಾದು ಮುಖಡಾ ಎತ್ತಿ ಇಳಿದೆ. ಕೆಳಗೆ 'ಧಿನ್' ಇರಲಿಲ್ಲ. 'ಕತ್' ಎಂದು ಒಂದು ಒಣ ಪೆಟ್ಟು, ಅಷ್ಟೇ. ಸಂಜೀವ ನನ್ನ ಕಡೆ ನೋಡಿದರು. ತಬಲಾದವರು ತಪ್ಪಿದ್ದಾರೆ ಎಂದು ನಾನು ತಿಳಿದೆ! ಇರಲಿ, ಪ್ರಯಾಣದ ಆಯಾಸ ಎಂದು ಉದಾರವಾಗಿ ಕ್ಷಮಿಸಿ ಮುಂದುವರಿದೆ. ಇನ್ನೊಂದು ತಿರಕಿಟ, ಇನ್ನೊಂದು ಮುಖಡಾ, ಮತ್ತೆ ಕತ್. ಈಗ ನನಗೆ ರೇಗಿತು. ಅವರ ಕಡೆ ತಿರುಗಿ, ಇನ್ನೂರು ಜನರ ಎದುರು, ನನ್ನ ತೊಡೆಯ ಮೇಲೆ ಪಟ್ಟೆಂದು ಹೊಡೆದು ತೋರಿಸಿದೆ. ಸಮ್ ಇಲ್ಲಿ, ಸ್ವಾಮಿ, ಇಲ್ಲಿ!

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಅಂದದ್ದು ಇನ್ನೂರು ಜನರ ಎದುರು. ಮುಂದಿನ ಸಾಲಿನಲ್ಲಿ ಹಿರಿಯ ಗಾಯಕರು ಕೈಯಲ್ಲಿ ತಾಳ ಹಾಕುತ್ತ ಕೇಳುತ್ತಿದ್ದವರು ಮೆಲ್ಲಗೆ ಕೈ ಇಳಿಸಿ ಮಡಿಲಲ್ಲಿ ಇಟ್ಟುಕೊಂಡರು. ಆ ಕೈ ಇಳಿದದ್ದನ್ನು ನಾನು ನೋಡಿದೆ. ಆಮೇಲೆ ಯಾವ ತಿರಕಿಟ ಯಾವುದೆಂದು ತಿಳಿಯಲಿಲ್ಲ. ಸಂಜೀವ ನನಗಾಗಿ ಬೋಲುಗಳನ್ನು, ಅಂದರೆ ಆ ಧೀ ನಾಗಳನ್ನು, ಬಾಯಲ್ಲಿ ಮೆಲ್ಲಗೆ ಹೇಳುತ್ತ ಬಾರಿಸಿದರು. ಬೇಗ ಬೇಗ ಮುಗಿಸಿ ಎದ್ದೆ. ಜನ ಚಪ್ಪಾಳೆ ತಟ್ಟಿದರು. ಅದು ಇನ್ನೂ ಕೆಟ್ಟದಾಗಿತ್ತು.

ಕಾರ್ಯಕ್ರಮ ಮುಗಿದು ಊಟಕ್ಕೆ ನಿಂತಾಗ ಸಂಜೀವ ತಾವೇ ನನ್ನನ್ನು ಹುಡುಕಿಕೊಂಡು ಬಂದರು.

"ಒಂದ್ ಮಾತ ಕೇಳ್ತೀನಿ, ತಪ್ಪ ತಿಳ್ಕೋಬ್ಯಾಡ್ರಿ. ಛಲೋ ಗಳಾ ಅದ ನಿಮ್ಮದು. ದಿನಾ ಯಾರ ಕೂಡ ಹಾಡ್ತೀರಿ?"

ಹೇಳಿದೆ. ಅವರು ಮೇಜಿನ ಒಂದು ತುದಿ ಖಾಲಿ ಮಾಡಿಕೊಂಡು ಬೆರಳಿಟ್ಟರು. "ಸಾವಕಾಶ ಹಾಡ್ರಿ, ಇಲ್ಲೇ." ನಾನು ಮೆಲುದನಿಯಲ್ಲಿ ಎತ್ತಿದೆ. ಮೊದಲು ವೇದಿಕೆಯ ಮೇಲಿನ ಹಾಗೆಯೇ ಆಯಿತು. ಇಳಿದಲ್ಲಿ ಕತ್. ಅವರು ಸ್ವಲ್ಪ ಯೋಚಿಸಿ, "ಈಗ ಹಾಡ್ರಿ" ಎಂದರು. ತಿರಕಿಟ ಕೇಳಿತು, ಎತ್ತಿದೆ, ಇಳಿದೆ. ಧಿನ್! ಎಷ್ಟು ಚೆನ್ನಾಗಿ ಕೂತಿತೆಂದರೆ ನನ್ನ ಜೀವ ಮರಳಿ ಬಂತು.

"ಹಾಂ, ಇದು! ಇದೇ ಸರಿ! ಮೇಲೆ ಯಾಕೆ ಹೀಗೆ ಬಾರಿಸ್ಲಿಲ್ಲ ನೀವು?" ಎಂದು ಕೂಗಿಬಿಟ್ಟೆ.

ಸಂಜೀವ ಬೆರಳು ಎತ್ತಿದರು. ಅವರ ಮುಖದಲ್ಲಿ ನಗು ಇರಲಿಲ್ಲ.

"ಇದು ಸರಿ ಅಲ್ರಿ. ನೀವು ಮೊದಲನೇ ತಿರಕಿಟಕ್ಕ ಎತ್ತಿದ್ರಿ. ನಾ ನಡುವಿನ ಆರು ಮಾತ್ರಾ ನುಂಗಿ ಸಮ್ಮಿಗೆ ಹಾರಿದೆ. ನಿಮ್ಮ ದೇಸಾಯಿಯವರೂ ಹಿಂಗ ಹಾರ್ತಾರ ಅಂತ ಕಾಣಸ್ತದ. ನೀವು ಸಮ್ಮಿಗೆ ಬರೂದಿಲ್ಲ. ನೀವು ಎಲ್ಲಿ ಬೀಳ್ತೀರಿ ಅಲ್ಲಿಗೆ ಅವರು ಸಮ್ ತರ್ತಾರ."

ನಾಲ್ಕು ಹೆಜ್ಜೆ ಆಚೆ ದೇಸಾಯಿಯವರು ತಟ್ಟೆ ಹಿಡಿದು ನಿಂತಿದ್ದರು. ಕೇಳಿಸಿತ್ತು. ಅನ್ನ ಕಲಸುವುದರಲ್ಲಿ ಬಹಳ ಆಸಕ್ತಿ ಇದ್ದವರ ಹಾಗೆ ತಲೆ ಬಗ್ಗಿಸಿದರು. ವೈನಿ ಬಂದು ನನ್ನ ಭುಜದ ಹತ್ತಿರ ನಿಂತು, ನಿಜವಾದ ಕನಿಕರದಿಂದಲೇ, "ಮನಸ್ಸಿಗೆ ಹಚ್ಕೋಬ್ಯಾಡ್ರಿ ಮಂಜುನಾಥ ಅವರ. ನಾವೆಲ್ಲ ಮೊದಲಿಂದ ನೋಡ್ಕೋತನ ಬಂದೇವಲ್ಲ. ಪಾಪ, ವರ್ಕ್‌ಶಾಪಿನಾಗ ದುಡದು ದಣದು ಬರ್ತೀರಿ, ನಮಗ ಹಾಡ ಕೇಳೂದಷ್ಟ ಸಂತೋಷ" ಎಂದರು.

ನಾವೆಲ್ಲ. ಆ ಮಾತು ಕಿವಿಯಲ್ಲೇ ಉಳಿಯಿತು. ದೇಸಾಯಿಯವರೊಬ್ಬರೇ ಅಲ್ಲ, ಕೋಣೆಯಲ್ಲಿ ಕೂತ ಅಷ್ಟೂ ಜನಕ್ಕೆ ಗೊತ್ತಿತ್ತು. ಪ್ರತಿ ವಾಹ್ ಹೇಳುವಾಗಲೂ ಗೊತ್ತಿತ್ತು. ಬಚ್ಚಲಿನಲ್ಲಿ ನಿಂತು ನಾನು ಅತ್ತ ಮೊದಲ ದಿನವೂ ಹೊರಗೆ ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತಿದ್ದಿರಬೇಕು. ಟ್ಯಾಕ್ಸಿಯಲ್ಲಿ ಸುಜಾತಾ ನನ್ನ ಕೈ ಹಿಡಿದುಕೊಂಡಳು. ಉಪ್ಪಿನ ಮಾತು ಎತ್ತಲಿಲ್ಲ. ಅವಳು ಬೇಕಾದರೆ ಎತ್ತಬಹುದಿತ್ತು.

ಮುಂದಿನ ಶುಕ್ರವಾರ ಬೈಠಕ್ಕಿನ ಹೊತ್ತಿಗಿಂತ ಮೊದಲೇ ಹೋಗಿ ದೇಸಾಯಿಯವರನ್ನು ಕೇಳಿದೆ. ಕೂಗಾಡಬೇಕೆಂದು ಹೋದವನು ಅವರ ಮನೆಯ ಚಹಾ ಕೈಗೆ ಬಂದ ಮೇಲೆ ಕೂಗಾಡಲಾರದೆ ಕೂತೆ.

"ಎಂತಕ್ಕೆ ಹೀಗೆ ಮಾಡಿದ್ರಿ ಸರ್? ತಪ್ಪಿದ್ರೆ ಹೇಳಿ ಅಂತ ಹೋಟ್ಲಲ್ಲೇ ಕೇಳ್ಕೊಂಡಿದ್ದೆ."

"ಸಾಥ್ ಕೊಡೂದಂದ್ರ ಅದ ಅಲ್ರಿ? ಹಾಡೋರನ್ನ ಬೀಳಗೊಡಬಾರದು."

"ನಾನು ಬೀಳ್ತಾ ಇದ್ದೇನೆ ಹೇಳಿ ನಂಗೆ ಗೊತ್ತಾಗ್ಬೇಕಲ್ಲ?"

ಅವರು ಕಪ್ಪು ಕೆಳಗಿಟ್ಟರು. "ಖರೇ ಹೇಳ್ಲ್ಯಾ? ಮೂರು ವರ್ಷ ಈ ತಬಲಾ ಬಟ್ಟಿ ಸುತ್ತಿ ಇಟ್ಟಿದ್ದೆ. ಒಬ್ಬರೂ ಹಾಡೋರು ಇದ್ದಿದ್ದಿಲ್ಲ. ತಪ್ಪು ಹೇಳಿದ್ರ ನೀವು ಬರೂದು ಬಿಟ್ಟಬಿಡ್ತಿದ್ರಿ. ಸಣ್ಣವರಿದ್ದಾಗ ಬಿಟ್ಟಿದ್ರಲ್ಲ, ಹಂಗ."

ಅಂದರೆ ನಾನು ನಂಬಿ ತೋರಿಸಿದ ಗಾಯವೇ ಅವರಿಗೆ ಉಪಯೋಗಕ್ಕೆ ಬಂದಿತ್ತು. ನನ್ನ ಕೆಲಸದಲ್ಲಿ ಗೇಜ್ ಎಂದು ಒಂದು ಉಂಟು. ಮಾಡಿದ ಸಾಮಾನು ಸರಿ ಉಂಟೋ ಇಲ್ಲವೋ ಎಂದು ಅದರಲ್ಲಿ ಹಾಕಿ ನೋಡುವುದು. ಸಾಮಾನು ಅದರೊಳಗೆ ಹೋಗದಿದ್ದರೆ ಸಾಮಾನನ್ನು ತಿದ್ದಬೇಕು, ಇಲ್ಲವಾದರೆ ಗುಜರಿಗೆ ಎಸೆಯಬೇಕು. ಕೆಲಸದವನಿಗೆ ಬೇಸರವಾದೀತೆಂದು ಗೇಜನ್ನೇ ಅರದಿಂದ ಉಜ್ಜಿ ದೊಡ್ಡದು ಮಾಡಿಕೊಡುವ ಫೋರ್‌ಮನ್‌ನನ್ನು ನಾನು ಯಾವ ದೇಶದಲ್ಲೂ ನೋಡಿಲ್ಲ. ಅಂಥ ಶಾಫ್ಟನ್ನು ಹಡಗಿಗೆ ಹಾಕಿದರೆ ಏನಾಗುತ್ತದೆಂದು ನಮ್ಮಲ್ಲಿ ಕಸ ಗುಡಿಸುವವನಿಗೂ ಗೊತ್ತು. ಇದನ್ನು ದೇಸಾಯಿಯವರಿಗೆ ಹೇಳಿದೆ. ಅವರು ಎದ್ದು ಹೋಗಿ ತಬಲಾದ ಬಟ್ಟೆ ತೆಗೆದು ಅದರ ಮೇಲೆ ಅಂಗೈ ಇಟ್ಟರು.

"ಇದರ ಮ್ಯಾಲೆ ಆಣಿ ಮಾಡ್ತೀನಿ. ಇನ್ನ ಮ್ಯಾಲೆ ಒಂದ್ ಮಾತ್ರಾನೂ ಸರಸೂದಿಲ್ಲ. ನೀವು ಬೀಳ್ರಿ, ನಾ ಹೇಳ್ತೀನಿ. ಬರೂದು ಮಾತ್ರ ಬಿಡಬ್ಯಾಡ್ರಿ."

ಸ್ವಲ್ಪ ದಿನ ಬಿಟ್ಟು ಬರುತ್ತೇನೆ ಎಂದೆ. ಓವರ್‌ಟೈಮ್ ನೆಪ ಹೇಳಿದೆ.

ರಮದಾನ್ ಬಂತು. ವರ್ಕ್‌ಶಾಪು ಮಧ್ಯಾಹ್ನಕ್ಕೇ ಮುಚ್ಚುತ್ತಿತ್ತು. ನನ್ನ ಹಳೆಯ ಕಾರನ್ನು ಬಂದರಿನ ಹಿಂದಿನ ಗೋದಾಮಿನ ನೆರಳಿನಲ್ಲಿ ನಿಲ್ಲಿಸಿ, ಕಿಟಕಿ ಏರಿಸಿ, ಮೊಬೈಲಿನಲ್ಲಿ ತಬಲಾದ ಆ್ಯಪ್ ಹಾಕಿಕೊಂಡು ಕೂರುತ್ತಿದ್ದೆ. ಆ್ಯಪ್‌ಗೆ ದಾಕ್ಷಿಣ್ಯ ಇಲ್ಲ. ನಾನು ಅತ್ತರೂ ಅದು ಹನ್ನೆರಡೇ ಮಾತ್ರೆ ಬಾರಿಸುತ್ತದೆ. ಮೊದಲು ಬೆರಳಿನ ಗೆಣ್ಣುಗಳಲ್ಲಿ ಎಣಿಸಿದೆ. ಎಣಿಸಿದರೆ ಹಾಡಲು ಆಗುವುದಿಲ್ಲ, ಹಾಡಿದರೆ ಎಣಿಕೆ ತಪ್ಪುತ್ತದೆ. ಸಿಟ್ಟಿನಲ್ಲಿ ಸ್ಟಿಯರಿಂಗಿಗೆ ಗುದ್ದಿದ್ದೂ ಉಂಟು. ಜತೆಗೆ ಕೆಲಸ ಮಾಡುವ ಹನೀಫ್ ಒಮ್ಮೆ ಗಾಜಿನ ಮೇಲೆ ತಟ್ಟಿ, "ಭಾಯ್, ರೋಜಾ ಹಮಾರಾ, ಚಕ್ಕರ್ ತುಮ್ಹೇ ಆ ರಹಾ ಹೈ ಕ್ಯಾ?" ಎಂದು, ಉಪವಾಸ ನಮ್ಮದು, ತಲೆ ತಿರುಗುವುದು ನಿನಗೋ ಎಂಬಂತೆ, ಕೇಳಿ ನಗುತ್ತ ಹೋದ.

ಸೋತು ಒಂದು ದಿನ ಹಾಡುವುದನ್ನೇ ಬಿಟ್ಟು ಸುಮ್ಮನೆ ಕೇಳುತ್ತ ಕೂತೆ. ಹೀಗೆ ಎಷ್ಟೋ ಮಧ್ಯಾಹ್ನ. ಆಗ ಮೆಲ್ಲಗೆ ಒಂದು ವಿಷಯ ಕಿವಿಗೆ ಹತ್ತಿತು. ಎಡಗೈಯ ಡಗ್ಗಾದಲ್ಲಿ ಒಂದು ಗುಂಯ್ ಎನ್ನುವ ದನಿ ಉಂಟಲ್ಲ, ಮೊದಲನೆಯ ತಿರಕಿಟ ಆದ ಮೇಲೆ ಅದು ಇರುವುದಿಲ್ಲ. ತೂ, ನಾ, ಕತ್, ತಾ. ನಾಲ್ಕೂ ಒಣ ಮಾತ್ರೆಗಳು. ಸುತ್ತಿನ ನಡುವೆ ಅದೊಂದು ತಳ ಇಲ್ಲದ ಜಾಗ. ಅದನ್ನು ದಾಟಿದ ಮೇಲೆ 'ಧಾಗೆ' ಎಂದು ಗುಂಯ್ ಮರಳಿ ಬರುತ್ತದೆ, ಆಮೇಲೆ ಎರಡನೆಯ ತಿರಕಿಟ, ಆಮೇಲೆ ಮನೆ. ಎಣಿಸುವುದೇ ಬೇಡ. ದನಿ ಹೋದದ್ದು, ಮರಳಿದ್ದು ತಿಳಿದರೆ ಸಾಕು. ಸಮ್ಮನ್ನು ಹಿಡಿಯುವುದು ಅಲ್ಲ, ಆ ಒಣ ಜಾಗದಲ್ಲಿ ಹೆದರದೆ ಇರುವುದು ಕಲಿಯಬೇಕಿತ್ತು. ಊರಿನಲ್ಲಿ ಹೆದರಿ ಓಡಿ ಬೀಳುತ್ತಿದ್ದೆ. ಸೀಫ್‌ನಲ್ಲಿ ಆ ಜಾಗವನ್ನೇ ನನ್ನ ದಾರಿಯಿಂದ ಕಿತ್ತು ತೆಗೆದಿದ್ದರು.

ಈದ್ ಮುಗಿಯುವ ಹೊತ್ತಿಗೆ ಆ್ಯಪ್ ಜತೆ ನಾನು ತಪ್ಪುತ್ತಿರಲಿಲ್ಲ. ಸುಜಾತಾ ಪಕ್ಕದಲ್ಲಿ ಕೂತು ಬೆರಳು ಮಡಚಿ ಲೆಕ್ಕ ಹಾಕಿ ನೋಡಿ, "ಸರಿ ಉಂಟು" ಎಂದಳು. ಅವಳು ಸುಮ್ಮನೆ ಹೇಳುವವಳಲ್ಲ. ಆದರೂ ಯಂತ್ರದ ಜತೆ ಸರಿಯಾದದ್ದು ಮನುಷ್ಯರ ಜತೆ ಸರಿಯಾದೀತೋ? ಅದೊಂದು ಬಾಕಿ ಇತ್ತು. ತಬಲಾ ಮುಟ್ಟಿ ಆಣೆ ಮಾಡಿದ ಮನುಷ್ಯ ಇದ್ದರಲ್ಲ, ಅವರಲ್ಲಿಗೇ ಹೋಗಬೇಕು ಎನ್ನಿಸಿತು. ನಿಜ ಹೇಳಬೇಕೆಂದರೆ, ಅವರೇ ನೋಡಿ ಮೆಚ್ಚಬೇಕೆಂಬ ಆಸೆಯೂ ಇತ್ತು. ಮೋಸ ಮಾಡಿದವರ ಮೆಚ್ಚುಗೆಗೇ ಮನಸ್ಸು ಯಾಕೆ ಹಾತೊರೆಯುತ್ತದೋ ನನಗೆ ಗೊತ್ತಿಲ್ಲ.

ಮೇ ತಿಂಗಳು. ಹೊರಗೆ ಬೆಂಕಿ, ಒಳಗೆ ಎಸಿ. ನನ್ನನ್ನು ಕಂಡು ದೇಸಾಯಿಯವರಿಗೆ ನಿಜವಾಗಿಯೂ ಸಂತೋಷವಾಯಿತು, ಕಣ್ಣಲ್ಲಿ ನೀರೇ ಬಂತು. ವೈನಿ ಅವಲಕ್ಕಿ ಒಗ್ಗರಣೆ ಮಾಡಿದ್ದರು. ಅದೇ ಐದಾರು ಜನ. "ಆಣೆ ನೆನಪುಂಟಲ್ಲ ಸರ್?" ಎಂದು ಮೆಲ್ಲಗೆ ಕೇಳಿದೆ. "ಅಯ್ಯ, ಮರೀತೀನೇನ್ರಿ!" ಎಂದು ಅವರು ಪೌಡರು ಸುರಿದುಕೊಂಡರು.

ಯಮನ್ ಶುರು ಮಾಡಿದೆ. ಮೊದಲ ತಿರಕಿಟ ಬಂತು, ಬಿಟ್ಟೆ. ಒಣ ಜಾಗ ಬಂತು, ಅದರಲ್ಲಿ ಒಂದೇ ಸ್ವರದ ಮೇಲೆ ನಿಂತುಕೊಂಡೆ. ಡಗ್ಗಾ ಮರಳಿತು. ಎರಡನೆಯ ತಿರಕಿಟ. ಎತ್ತಿದೆ, ಇಳಿದೆ. ಧಿನ್. "ವಾಹ್!" ಎಂದಿತು ಕೋಣೆ. ನಾಲ್ಕೈದು ಸುತ್ತು ಹೀಗೆಯೇ ಆಯಿತು. ಒಂದೂ ತಪ್ಪಲಿಲ್ಲ. ಯಾರಾದರೂ ಹುಬ್ಬು ಏರಿಸುತ್ತಾರೆಯೇ, ದೇಸಾಯಿಯವರು ಬೆಚ್ಚಿ ಒಮ್ಮೆ ನನ್ನ ಕಡೆ ನೋಡುತ್ತಾರೆಯೇ ಎಂದು ಕಾದೆ. ಇಲ್ಲ. ಅದೇ ವಾಹ್, ಅದೇ ತಲೆಯಾಟ. ಚಳಿಗಾಲದಲ್ಲಿ ತಪ್ಪಿದ್ದಕ್ಕೂ ಇದೇ ವಾಹ್, ಈಗ ಸರಿಯಾದದ್ದಕ್ಕೂ ಇದೇ. ನಾನು ಕಲಿತು ಬಂದಿರುವುದು ಆ ಕೋಣೆಯಲ್ಲಿ ಯಾರಿಗೂ ಗೊತ್ತೇ ಆಗಲಿಲ್ಲ. ನಾನು ಕಲಿಯಬಲ್ಲೆನೆಂದು ಅವರು ಯಾರೂ ಎಣಿಸಿರಲೇ ಇಲ್ಲ.

ಮುಂದಿನ ಸುತ್ತಿನಲ್ಲಿ, ಬೇಕೆಂದೇ, ಮೊದಲನೆಯ ತಿರಕಿಟಕ್ಕೆ ಮುಖಡಾ ಎತ್ತಿದೆ.

'ತೂ' ಬರಬೇಕಿತ್ತು. ಬರಲಿಲ್ಲ. ದೇಸಾಯಿಯವರ ಕೈ ಒಂದು ಕೂದಲಿನಷ್ಟೂ ತಡವರಿಸಲಿಲ್ಲ. ಧೀ, ನಾ, ಧಿನ್! ನುಣ್ಣಗೆ, ಎಷ್ಟು ಪ್ರೀತಿಯಿಂದ ತಂದು ಸಮ್ಮನ್ನು ನನ್ನ ಕಾಲಡಿಗೆ ಇಟ್ಟರು! "ಕ್ಯಾ ಬಾತ್ ಹೈ!" ಎಂದರು ಒಬ್ಬರು. ವೈನಿ ನನ್ನ ಕಡೆ ನೋಡಿ ನಕ್ಕರು. ದೇಸಾಯಿಯವರು ಕಣ್ಣು ಮುಚ್ಚಿಕೊಂಡು ತಲೆದೂಗುತ್ತಿದ್ದರು.

ಹಾಡು ನಿಲ್ಲಿಸಲಿಲ್ಲ ನಾನು. ಹತ್ತನೆಯ ಮಾತ್ರೆಗೇ ಎತ್ತುತ್ತ, ಒಂದೂ ತಪ್ಪದೆ, ಕೊನೆಯವರೆಗೆ ಹಾಡಿ ಮುಗಿಸಿದೆ. ಅವರು ಕದ್ದ ಆರು ಮಾತ್ರೆಗಳನ್ನು ನನ್ನ ಕಿವಿಯಿಂದ ಹಿಡಿದಿದ್ದೆ. ನನಗೆ ತಾಳ ಉಂಟು ಎಂದು ಅವತ್ತು ಖಾತ್ರಿಯಾಯಿತು. ಅದನ್ನು ಹೇಳಿಕೊಳ್ಳೋಣವೆಂದು ತಲೆ ಎತ್ತಿ ಒಬ್ಬೊಬ್ಬರ ಮುಖವನ್ನೂ ನೋಡಿದೆ. ಹೇಳಿದರೆ ಅದಕ್ಕೂ ವಾಹ್ ಎನ್ನುತ್ತಿದ್ದರು.